ಎಲೆಕ್ಟಿವ್‌ಗೆ ಯಾವ ವಿಭಾಗ? ಮಡಿಕೇರಿಯಲ್ಲಿ ಎಂಬಿಬಿಎಸ್ ಓದುತ್ತಿರುವವರಿಗೊಂದು ಹೋಲಿಕೆ

ಮೂರನೇ ಎಂಬಿಬಿಎಸ್ ಭಾಗ ಒಂದರ ಪರೀಕ್ಷೆ ಮುಗಿಯುತ್ತಿದ್ದಂತೆ ಹಾಸ್ಟೆಲಿನಲ್ಲಿ ಶುರುವಾಗುವ ಮಾತು ಒಂದೇ: ಎಲೆಕ್ಟಿವ್‌ಗೆ (ಅಂದರೆ ನಾವೇ ಆರಿಸಿಕೊಂಡ ವಿಭಾಗದಲ್ಲಿ ಕಲಿಯುವ ಅವಧಿಗೆ) ಏನು ತಗೋತೀಯ? ಉತ್ತರವೂ ಸಾಮಾನ್ಯವಾಗಿ ಎರಡೇ. 'ಯಾವುದರಲ್ಲಿ ಬೇಗ ಬಿಡ್ತಾರೋ ಅದು', ಇಲ್ಲವೇ 'ನನಗೆ ಪಿಜಿ ಮೆಡಿಸಿನ್ ಬೇಕು, ಹಾಗಾಗಿ ಮೆಡಿಸಿನ್'. ಮೊದಲನೆಯದರಲ್ಲಿ ಪ್ರಾಮಾಣಿಕತೆಯಾದರೂ ಇದೆ. ಎರಡನೆಯದು ಕೇಳಲು ಚೆಂದ, ಲೆಕ್ಕ ಹಾಕಿದರೆ ನಷ್ಟ. ಹೇಗೆಂದು ಮುಂದೆ ನೋಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕಬೇಕು. ಇಲ್ಲಿ ಪಿಜಿ ಸೀಟಿಗೂ ಎಲೆಕ್ಟಿವ್‌ಗೂ ನೇರ ಸಂಬಂಧವಿಲ್ಲ. ನೀಟ್ ಪಿಜಿಯಲ್ಲಿ 200 ಪ್ರಶ್ನೆ, ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ, ಒಟ್ಟು 800. ಅಷ್ಟೇ. ಏಮ್ಸ್, ಜಿಪ್ಮರ್, ನಿಮ್ಹಾನ್ಸ್ ಸೀಟುಗಳಿಗೆ ನಡೆಯುವ ಐಎನ್‌ಐ-ಸಿಇಟಿಯೂ ಬರಿಯ ರ‍್ಯಾಂಕಿನ ವ್ಯವಹಾರ. ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸುವ ಸೀಟು ಹಂಚಿಕೆಯ ಕೌನ್ಸೆಲಿಂಗಿನಲ್ಲಿ ನಿಮ್ಮ ಎಲೆಕ್ಟಿವ್ ಸರ್ಟಿಫಿಕೇಟನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಹಾಗಿದ್ದರೆ ಎಲೆಕ್ಟಿವ್ ಯಾಕೆ? ಎರಡು ಕೆಲಸಕ್ಕೆ. ಮೂರು ವರ್ಷ ಆ ವಿಭಾಗದಲ್ಲಿ ಬಾಳಬಲ್ಲೆನೇ ಎಂದು ಒರೆಗೆ ಹಚ್ಚುವುದಕ್ಕೆ, ಮಾಮೂಲಿ ಪೋಸ್ಟಿಂಗಿನಲ್ಲಿ ಕೈಗೆ ಸಿಗದ ಒಂದು ಕೆಲಸವನ್ನು ಕಲಿಯುವುದಕ್ಕೆ. ಆಪರೇಷನ್ನು ಎಲ್ಲರಿಗೂ ಇಷ್ಟವೇ. ಮಧ್ಯಾಹ್ನ ಮೂರು ಗಂಟೆಗೆ ಆ ವಿಭಾಗದಲ್ಲಿ ನಡೆಯುವ ಸಪ್ಪೆ ಕೆಲಸ ನಿಮಗೆ ಒಗ್ಗುತ್ತದೆಯೇ ಎನ್ನುವುದು ಪ್ರಶ್ನೆ. ರ‍್ಯಾಂಕ್ ನೋಡಿ ಸೀಟು ಹಿಡಿದು, ಆರು ತಿಂಗಳಿಗೆ ಬಿಡಬೇಕೆನಿಸಿ, ಬಾಂಡಿನ ಹಣ ಕಟ್ಟಲು ಮನೆಯವರು ಪರದಾಡುವ ಪ್ರಸಂಗಗಳು ಕಡಿಮೆಯೇನಿಲ್ಲ.

ನಿಮ್ಮ ಬ್ಯಾಚಿಗೆ ಸಿಗುವುದು ಎಷ್ಟು ದಿನ

2019ರ ನಿಯಮದಡಿ ಸೇರಿದವರಿಗೆ ಎಲೆಕ್ಟಿವ್ ಎಂದರೆ ನಾಲ್ಕು ನಾಲ್ಕು ವಾರದ ಎರಡು ಬ್ಲಾಕು. 2023ರ ನಿಯಮ ಬಂದ ಮೇಲೆ ಅದು ಒಂದು ತಿಂಗಳಿಗೆ ಇಳಿಯಿತು, 15 ದಿನದ ಎರಡು ಬ್ಲಾಕು. ಮೊದಲನೆಯದು ಲ್ಯಾಬು, ಸಂಶೋಧನೆ, ಪ್ರೀ-ಪ್ಯಾರಾ ವಿಭಾಗಗಳ (ಅನಾಟಮಿ, ಪೆಥಾಲಜಿಯಂಥವು) ಕಡೆಗೆ, ಎರಡನೆಯದು ಕ್ಲಿನಿಕಲ್. ಯಾವ ವಿಭಾಗ, ಯಾರ ಕೈಕೆಳಗೆ, ಎಷ್ಟು ಜನ ಎಂಬ ಪಟ್ಟಿಯನ್ನು ಕಾಲೇಜೇ ಮೊದಲು ಹೊರಡಿಸುತ್ತದೆ. ಆಯ್ಕೆ ಆ ಪಟ್ಟಿಯೊಳಗೇ. ಹಾಜರಾತಿ 75 ಶೇಕಡಾ ಇರಲೇಬೇಕು, ಲಾಗ್‌ಬುಕ್ ಒಪ್ಪಿಸಲೇಬೇಕು. ಎರಡರಲ್ಲಿ ಒಂದು ತಪ್ಪಿದರೂ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಬೇರೆ ಪೋಸ್ಟಿಂಗಿನ ಶಾರ್ಟೇಜ್ ತುಂಬಿಸಲು ಈ ದಿನಗಳನ್ನು ಬಳಸುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ.

15 ದಿನದಲ್ಲಿ ಎರಡು ಭಾನುವಾರ ಹೋದರೆ ಉಳಿಯುವುದು 13. ಅದರ 75 ಶೇಕಡಾ ಎಂದರೆ 10 ದಿನ. ಮೂರು ದಿನ ತಪ್ಪಿಸಬಹುದು, ನಾಲ್ಕನೆಯದು ತಪ್ಪಿದರೆ ಬ್ಲಾಕೇ ಹೋಯಿತು. ಬ್ಲಾಕು ಹುತ್ತರಿಯ ವಾರಕ್ಕೋ ಕೈಲ್ ಮುಹೂರ್ತದ ವಾರಕ್ಕೋ ಬಿದ್ದರೆ ಮನೆಗೆ ಹೋಗಿ ಬರುವುದರಲ್ಲೇ ಆ ಮೂರು ದಿನ ಮುಗಿದಿರುತ್ತದೆ. ಆಮೇಲೆ ಜ್ವರ ಬಂದರೂ ವಾರ್ಡಿಗೆ ಬರಬೇಕು.

ಎಲ್ಲಕ್ಕಿಂತ ಮೊದಲು ನೋಡಬೇಕಾದ ಲೆಕ್ಕ

ಹೌಸ್ ಸರ್ಜನ್ಸಿಯ (ಎಂಬಿಬಿಎಸ್ ಕೊನೆಯ ಇಂಟರ್ನ್‌ಶಿಪ್ ವರ್ಷದ) 52 ವಾರ ಹೇಗೆ ಹಂಚಿಕೆಯಾಗಿದೆ ನೋಡಿ. 2021ರ ಇಂಟರ್ನ್‌ಶಿಪ್ ನಿಯಮದಂತೆ ಕಮ್ಯುನಿಟಿ ಮೆಡಿಸಿನ್ 12 ವಾರ, ಒಬಿಜಿ (ಹೆರಿಗೆ, ಸ್ತ್ರೀರೋಗ) 7, ಜನರಲ್ ಮೆಡಿಸಿನ್ 6, ಜನರಲ್ ಸರ್ಜರಿ 6, ಪೀಡಿಯಾಟ್ರಿಕ್ಸ್ 3. ಸೈಕಿಯಾಟ್ರಿ, ಅನಸ್ತೀಷಿಯಾ (ಅರಿವಳಿಕೆ), ಆರ್ಥೋ (ಎಲುಬು, ಕೀಲು), ಇಎನ್‌ಟಿ, ಕಣ್ಣು, ಕ್ಯಾಶುವಾಲ್ಟಿ ತಲಾ 2 ವಾರ. ಫೊರೆನ್ಸಿಕ್ ಮತ್ತು ಚರ್ಮರೋಗ ಒಂದೊಂದು ವಾರ. ಉಳಿದ 4 ವಾರ ಮತ್ತೆ ಎಲೆಕ್ಟಿವ್, ಅದರೊಳಗೆ ಆಯುಷ್ ಪಾಲೂ ಸೇರಿರುತ್ತದೆ.

ಮೆಡಿಸಿನ್ನಿಗೆ 6 ವಾರ, ಹೆರಿಗೆ ವಾರ್ಡಿಗೆ 7 ವಾರ ಹೇಗೂ ಕಾದಿದೆ. ಅಲ್ಲಿ ಕೇಸ್ ಶೀಟ್ ಬರೆದು, ರಕ್ತ ಎಳೆದು, ಡ್ರಿಪ್ ಹಾಕಿ ಸಾಕಾಗುವಷ್ಟು ಕಲಿಯುತ್ತೀರಿ. ಅದೇ ವಿಭಾಗಕ್ಕೆ ಇನ್ನೂ 15 ದಿನ ಸುರಿಯುವುದು ಮಳೆಗಾಲದಲ್ಲಿ ಕೊಡಗಿಗೆ ಟ್ಯಾಂಕರ್ ನೀರು ತಂದಂತೆ. ಎಲೆಕ್ಟಿವ್ ಹೋಗಬೇಕಾದದ್ದು ಮುಂದೆ ಸಿಗದ ಅಥವಾ ಎರಡೇ ವಾರ ಸಿಗುವ ಕಡೆಗೆ: ಅನಸ್ತೀಷಿಯಾ, ಆರ್ಥೋ, ಸೈಕಿಯಾಟ್ರಿ, ರೇಡಿಯಾಲಜಿ, ಪೆಥಾಲಜಿ, ಬ್ಲಡ್ ಸೆಂಟರ್. ಮೆಡಿಸಿನ್ನೇ ಗುರಿ ಎನ್ನುವವರು ಜನರಲ್ ವಾರ್ಡ್ ಬಿಟ್ಟು ಐಸಿಯು ಅಥವಾ ಡಯಾಲಿಸಿಸ್ ಕೇಳಿ. ಮಕ್ಕಳ ವಿಭಾಗದ ಆಸೆಯಿದ್ದವರು ನವಜಾತ ಶಿಶುಗಳ ಎಸ್‌ಎನ್‌ಸಿಯು ಕೇಳಿ. 900 ಗ್ರಾಂ ತೂಕದ ಮಗುವಿನ ಪಕ್ಕದಲ್ಲಿ ನಿಂತಾಗ ಕೈ ನಡುಗುತ್ತದೋ ಇಲ್ಲವೋ ಎಂಬುದು ಮೂರೇ ದಿನದಲ್ಲಿ ಗೊತ್ತಾಗುತ್ತದೆ.

ಅನಸ್ತೀಷಿಯಾ, ಸರ್ಜರಿ, ಆರ್ಥೋ: ಒಂದೇ ಓಟಿ, ಮೂರು ಲೆಕ್ಕ

ಸರ್ಜರಿ ಯೂನಿಟ್ಟಿಗೆ ವಾರಕ್ಕೆ ಎರಡು ಓಟಿ (ಆಪರೇಷನ್ ಥಿಯೇಟರ್) ದಿನ ಎಂದುಕೊಳ್ಳಿ. 15 ದಿನದಲ್ಲಿ ನಾಲ್ಕು. ಆ ನಾಲ್ಕು ದಿನದಲ್ಲಿ ಟೇಬಲ್ ಸುತ್ತ ಸರ್ಜನ್, ಅಸಿಸ್ಟೆಂಟ್, ಇಂಟರ್ನ್ ನಿಂತ ಮೇಲೆ ವಿದ್ಯಾರ್ಥಿಗೆ ಉಳಿಯುವುದು ಹಿಂದಿನ ಸಾಲು. ರಿಟ್ರಾಕ್ಟರ್ ಹಿಡಿಯಲು ಸಿಕ್ಕರೆ ಅದೇ ಭಾಗ್ಯ. ಅನಸ್ತೀಷಿಯಾದವರಿಗೆ ಓಟಿ ದಿನವೆಂಬ ಮಾತೇ ಇಲ್ಲ. ಸರ್ಜರಿ, ಆರ್ಥೋ, ಒಬಿಜಿ, ಇಎನ್‌ಟಿ ಯಾರದೇ ಲಿಸ್ಟಿದ್ದರೂ ಅವರು ಇರಲೇಬೇಕು. 13 ದಿನ, ದಿನಕ್ಕೆ ಮೂರು ಕೇಸ್ ಹಿಡಿದರೂ 39. ತಲೆಯ ಕಡೆ ನಿಲ್ಲುವವರು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ. ಕಲಿಸಲು ಅವರಿಗೆ ಪುರುಸೊತ್ತೂ ಇರುತ್ತದೆ, ಕೇಸ್ ಶುರುವಾಗಿ ಹತ್ತು ನಿಮಿಷ ಕಳೆದ ಮೇಲೆ. ಇಷ್ಟು ಸಿಗುವ ವಿಭಾಗವನ್ನು ವಿದ್ಯಾರ್ಥಿಗಳು ಪಟ್ಟಿಯ ಕೊನೆಗೆ ತಳ್ಳುವುದು ಏಕೆಂದು ಅರ್ಥವಾಗುವುದಿಲ್ಲ.

ಅಲ್ಲಿಗೆ ಹೋದವರು ಮೊದಲ ದಿನವೇ ಲಾರಿಂಗೋಸ್ಕೋಪಿನ (ಗಂಟಲಿಗೆ ಟ್ಯೂಬ್ ಇಳಿಸಲು ಬಳಸುವ ಉಪಕರಣ) ಆಸೆ ಪಡಬೇಡಿ. ಬ್ಯಾಗ್-ಮಾಸ್ಕ್ ಕೇಳಿ, ಅಂದರೆ ಮುಖಕ್ಕೆ ಮಾಸ್ಕ್ ಹಿಡಿದು ಬ್ಯಾಗ್ ಹಿಂಡಿ ಉಸಿರು ಕೊಡುವುದು. ಜೀವ ಉಳಿಸುವುದು ಟ್ಯೂಬಿಗಿಂತ ಅದೇ ಹೆಚ್ಚು, ತಪ್ಪಾಗುವುದೂ ಅದರಲ್ಲೇ. ಹೊಸಬರ ಕೈ ಗಮನಿಸಿ: ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ ಸರಿಯಾಗಿಯೇ ಕೂತಿರುತ್ತವೆ. ಉಳಿದ ಮೂರು ಬೆರಳು ದವಡೆಯ ಎಲುಬನ್ನು ಹಿಡಿಯುವ ಬದಲು ಗದ್ದದ ಕೆಳಗಿನ ಮೆತ್ತನೆ ಭಾಗಕ್ಕೆ ಇಳಿದಿರುತ್ತವೆ. ನಾಲಿಗೆ ಮೇಲಕ್ಕೊತ್ತಿ ದಾರಿ ಮುಚ್ಚುತ್ತದೆ. ಗಾಳಿ ಹೋಗದಿದ್ದಾಗ ಗಾಬರಿಯಿಂದ ಬ್ಯಾಗನ್ನು ಜೋರಾಗಿ ಹಿಂಡುತ್ತಾರೆ, ಗಾಳಿ ಹೊಟ್ಟೆಗೆ ಹೋಗಿ ಹೊಟ್ಟೆ ಉಬ್ಬುತ್ತದೆ, ಎದೆ ಮಾತ್ರ ಅಲುಗುವುದಿಲ್ಲ. ಮಾನಿಟರಿನಲ್ಲಿ ಕ್ಯಾಪ್ನೋಗ್ರಾಫ್ ಗೆರೆ (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವುದು) ಚಪ್ಪಟೆ. ಮಾಸ್ಕನ್ನು ಮುಖಕ್ಕೆ ಒತ್ತುವುದಲ್ಲ, ದವಡೆಯನ್ನು ಮಾಸ್ಕಿಗೆ ಎತ್ತಿ ತರುವುದು. ಈ ಒಂದು ವ್ಯತ್ಯಾಸ ಕೈಗೆ ಹತ್ತಲು ಹತ್ತು ರೋಗಿಗಳಾದರೂ ಬೇಕು. ಮುಂದೆ ನೀವು ಯಾವ ವಿಭಾಗಕ್ಕೇ ಹೋಗಿ, ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಉಸಿರು ನಿಂತವರ ಮುಂದೆ ಅದು ನೆನಪಿಗೆ ಬರುತ್ತದೆ.

ಈ ವಿಭಾಗದ ಸಪ್ಪೆ ಹೊತ್ತು ಯಾವುದು? ಹಿಂದಿನ ಸಂಜೆಯ ಪ್ರೀ-ಅನಸ್ತೀಷಿಯಾ ಚೆಕಪ್ಪು. ಬಾಯಿ ತೆರೆಸಿ ನೋಡುವುದು, ಬಿಪಿ ಮಾತ್ರೆ ಕೇಳುವುದು, ಊಟ ಬಿಟ್ಟು 6 ಗಂಟೆ, ತಿಳಿ ನೀರು ಬಿಟ್ಟು 2 ಗಂಟೆ ಆಗಿರಬೇಕೆಂದು ಅಟೆಂಡರಿಗೂ ಅಜ್ಜಿಗೂ ಎರಡೆರಡು ಸಲ ಹೇಳುವುದು. ಇದರ ಜೊತೆಗೆ ಮೂರು ಗಂಟೆ ಮಾತಿಲ್ಲದೆ ಮಾನಿಟರ್ ಕಾಯುವುದು. ರೋಗಿ ಮನೆಗೆ ಹೋಗುವಾಗ ಕೈ ಮುಗಿಯುವುದು ಸರ್ಜನ್ನಿಗೇ, ನಿಮಗಲ್ಲ. ಅದು ಬೇಸರ ತರಿಸಿದರೆ ಪಿಜಿಗೆ ಈ ವಿಭಾಗ ಬೇಡ.

ಆರ್ಥೋಗೆ ಕೊಡಗಿನಲ್ಲಿ ಕಾಲ ನೋಡಿ ಹೋಗಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕರಿಮೆಣಸು ಕೊಯ್ಲು. ಸಿಲ್ವರ್ ಓಕಿಗೆ ಒರಗಿಸಿದ ಏಣಿಯಿಂದ ಬಿದ್ದವರು ಆಗ ಬರುತ್ತಾರೆ. ಕಾಲೂರಿ ಬಿದ್ದವರ ಹಿಮ್ಮಡಿಯ ಎಲುಬು ಒಡೆದಿರುತ್ತದೆ, ನೋವೆಲ್ಲ ಅಲ್ಲೇ ಇರುತ್ತದೆ, ಎಕ್ಸ್‌ರೇಯೂ ಅಲ್ಲಿಯದೇ. ಅದೇ ಹೊಡೆತ ಮೇಲಕ್ಕೆ ಸಾಗಿ ಸೊಂಟದ ಮೊದಲ ಕಶೇರುವನ್ನೂ ಜಜ್ಜಿರಬಹುದು. ಹಿಮ್ಮಡಿ ಮುರಿತ ಕಂಡ ಕೂಡಲೇ ಬೆನ್ನು ಮುಟ್ಟಿ ನೋಡುವ ಅಭ್ಯಾಸ ಈ ಎರಡು ವಾರದಲ್ಲಿ ಬಂದರೆ ಎಲೆಕ್ಟಿವ್ ಸಾರ್ಥಕ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗಲಿ ಶಾಕ್ ಹೊಡೆದವರು ಬೇರೆ ಬಗೆ. ಅಂಗೈಯಲ್ಲಿ ರೂಪಾಯಿ ಅಗಲದ ಸುಟ್ಟ ಗಾಯ, ಒಳಗೆ ಮಾಂಸಖಂಡವೇ ಬೆಂದಿರುತ್ತದೆ. ಇಸಿಜಿ, ಮೂತ್ರದ ಬಣ್ಣ, ಸಿಕೆ (ಮಾಂಸಖಂಡದ ಹಾನಿ ತೋರಿಸುವ ರಕ್ತ ಪರೀಕ್ಷೆ) ಮೂರನ್ನೂ ನೋಡಬೇಕು. ಜುಲೈನಲ್ಲಿ ಆರ್ಥೋ ತೆಗೆದುಕೊಂಡರೆ ಮುಖ್ಯವಾಗಿ ಸಿಗುವುದು ಜಾರಿ ಬಿದ್ದ ಅಜ್ಜಿಯರ ಮಣಿಕಟ್ಟು, ತೊಡೆಸಂಧು. ಅದೂ ಕಲಿಕೆಯೇ, ಪ್ಲಾಸ್ಟರ್ ಹಾಕಲು ಕಲಿಯುವುದಕ್ಕೆ ಇನ್ನೂ ವಾಸಿ.

ಸರ್ಜರಿಯೇ ಬೇಕೆಂದು ನಿರ್ಧರಿಸಿದವರಿಗೂ ನಮ್ಮ ಸಲಹೆ ಅನಸ್ತೀಷಿಯಾವೇ. ಅದೇ ಓಟಿಯಲ್ಲಿ ನಿಂತು ಎಲ್ಲ ಸರ್ಜನ್ನುಗಳ ಕೈಯನ್ನೂ ಪರದೆಯ ಇನ್ನೊಂದು ಬದಿಯಿಂದ ನೋಡಬಹುದು.

ಕ್ಯಾಶುವಾಲ್ಟಿ

ಇಲ್ಲಿ ವಿಭಾಗಕ್ಕಿಂತ ಹೊತ್ತು ಮುಖ್ಯ. ಬೆಳಿಗ್ಗೆ 9ರಿಂದ 4ರವರೆಗೆ ಹೋದರೆ ಒಪಿಡಿಗೆ ಹೋಗಬೇಕಿದ್ದವರನ್ನೇ ನೋಡುತ್ತೀರಿ. ಸಂಜೆ 6ರಿಂದ ರಾತ್ರಿ 12ರವರೆಗಿನ ಡ್ಯೂಟಿ ಕೇಳಿ ಬರೆಸಿಕೊಳ್ಳಿ. ತೋಟದಿಂದ ಬರುವವರು ಕೆಲಸ ಮುಗಿದು, ವಾಹನ ಸಿಕ್ಕಿ, ಆಸ್ಪತ್ರೆ ತಲುಪುವುದೇ ಆಗ.

ಹಾವು ಕಚ್ಚಿದವರ ಚಿಕಿತ್ಸೆ ಕಲಿಯಲು ಕೊಡಗಿಗಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ನೀವೇ ಮಾಡಲು ಅನುಮತಿ ಕೇಳಿ. 2 ಮಿ.ಲೀ. ರಕ್ತ, ಹೊಸ ಒಣ ಗಾಜಿನ ಟೆಸ್ಟ್ ಟ್ಯೂಬು, 20 ನಿಮಿಷ ಅಲುಗಾಡಿಸದೆ ಬಿಡಬೇಕು, ಆಮೇಲೆ ಒಂದೇ ಒಂದು ಸಲ ವಾಲಿಸಿ ನೋಡಬೇಕು. ಕೇಳಲು ಎಷ್ಟು ಸುಲಭ! ತಪ್ಪುವುದು ಮೂರು ಕಡೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಹಾಕಿರುತ್ತಾರೆ. ಗಾಜಿನದೇ ಆದರೂ ಸೋಪಿನಲ್ಲಿ ತೊಳೆದದ್ದಾಗಿರುತ್ತದೆ. ಇವೆರಡರಲ್ಲೂ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು, ಬೇಡದ ಆಂಟಿವೆನಮ್ ಒಳಗೆ ಹೋಗುತ್ತದೆ. ಮೂರನೆಯದು ಆತುರ: ಐದು ನಿಮಿಷಕ್ಕೊಮ್ಮೆ ಎತ್ತಿ ನೋಡುವುದು. ಯಾರಾದರೂ ಪಕ್ಕದಲ್ಲಿ ಗಡಿಯಾರ ಹಿಡಿದು ನಿಲ್ಲಬೇಕು, ಆ 'ಯಾರಾದರೂ' ವಿದ್ಯಾರ್ಥಿಯೇ ಆಗಲು ಅಡ್ಡಿಯಿಲ್ಲ.

ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಪಶ್ಚಿಮ ಘಟ್ಟದ ಹಂಪ್-ನೋಸ್ಡ್ ಪಿಟ್ ವೈಪರ್ ಕಚ್ಚಿದಾಗಲೂ ರಕ್ತ ಹೆಪ್ಪುಗಟ್ಟದಿರಬಹುದು, ಕಿಡ್ನಿ ಕೈಕೊಡಬಹುದು, ಆದರೆ ಈ ಔಷಧ ಅದಕ್ಕೆ ನಾಟುವುದಿಲ್ಲ. ವಯಲ್ ಮೇಲೆ ವಯಲ್ ಏರಿಸಿದರೂ ಟ್ಯೂಬಿನ ರಕ್ತ ನೀರಾಗಿಯೇ ಇದ್ದರೆ ಈ ಸಂಶಯ ಬರಬೇಕು. ಬಯಲುಸೀಮೆಯ ದೊಡ್ಡ ಆಸ್ಪತ್ರೆಯಲ್ಲಿ ಇದನ್ನು ಪುಸ್ತಕದಲ್ಲಿ ಓದುತ್ತೀರಿ, ಇಲ್ಲಿ ಎದುರಿಗೇ ಬರಬಹುದು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಯಲ್ಲಿದೆ, ಆ ಫಾರಂ ತುಂಬುವುದನ್ನೂ ಕಲಿತುಕೊಳ್ಳಿ.

ಕೀಟನಾಶಕ ಕುಡಿದವರಿಗೆ ಅಟ್ರೋಪಿನ್ ಹಾಕುವುದು ಇನ್ನೊಂದು. 0.6 ಮಿ.ಗ್ರಾಂ ಆಂಪ್ಯೂಲ್ ಮೂರರಿಂದ ಐದರಲ್ಲಿ ಶುರು, 5 ನಿಮಿಷಕ್ಕೊಮ್ಮೆ ಡೋಸ್ ಇಮ್ಮಡಿ, ಶ್ವಾಸಕೋಶದ ಗೊರಗೊರ ನಿಲ್ಲುವವರೆಗೆ. ಪಾಪೆ ಹಿಗ್ಗಿತೆಂದು ಮಾತ್ರ ನೋಡಿ ನಿಲ್ಲಿಸುವುದು ಹಳೆಯ ತಪ್ಪು. ಎದೆಗೆ ಸ್ಟೆತ್ ಇಡಿ, ಕಂಕುಳು ಒಣಗಿದೆಯೇ ಮುಟ್ಟಿ ನೋಡಿ.

ಎಮರ್ಜೆನ್ಸಿ ಮೆಡಿಸಿನ್ ಪಿಜಿ ಬೇಕೆನ್ನುವವರು ಈ ಎರಡು ವಾರದಲ್ಲಿ ತಮ್ಮನ್ನೇ ಕೇಳಿಕೊಳ್ಳಬೇಕಾದ್ದು: ರೋಗಿ ಮೇಲಿನ ವಾರ್ಡಿಗೆ ಹೋದ ಮೇಲೆ ಏನಾದ ಎಂದು ತಿಳಿಯದೆ ಇರಬಲ್ಲೆನೇ? ತಿಳಿಯದಿದ್ದರೆ ನಿದ್ದೆ ಬಾರದವರು ಮೆಡಿಸಿನ್ನಿಗೆ ಹೋಗುವುದೇ ಲೇಸು.

ಸೈಕಿಯಾಟ್ರಿ: ನಿಮ್ಹಾನ್ಸೋ, ಮಡಿಕೇರಿಯೋ

ನಿಮ್ಹಾನ್ಸ್ ಎಂಬ ಹೆಸರಿನ ತೂಕ ಗೊತ್ತಿದ್ದದ್ದೇ. ಅಪರೂಪದ ಕೇಸು, ಗಂಟೆಗಟ್ಟಲೆ ಕೇಸ್ ಚರ್ಚೆ, ಒಬ್ಬೊಬ್ಬ ರೋಗಿಗೂ ನಾಲ್ಕು ಪುಟ ಹಿಸ್ಟರಿ. ಎಂಬಿಬಿಎಸ್ ವಿದ್ಯಾರ್ಥಿ ಅಲ್ಲಿ ಕೇಳುಗ. ಇಲ್ಲಿ ಮಾತಾಡುವುದು ನೀವೇ. ಆದರೆ ಯಾವ ಭಾಷೆಯಲ್ಲಿ? ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಹಾಡಿಯಿಂದ (ಬುಡಕಟ್ಟು ಜನರ ಕೇರಿ) ಬಂದವರಾದರೆ ಯರವರ ಮಾತು, ತೋಟದ ಲೈನ್‌ಮನೆಯಿಂದ ಬಂದವರಾದರೆ ಅಸ್ಸಾಮಿ. 'ಕಿವಿಯಲ್ಲಿ ಯಾರಾದರೂ ಮಾತಾಡಿದ ಹಾಗೆ ಕೇಳುತ್ತಾ?' ಎಂಬ ಪ್ರಶ್ನೆಯನ್ನು ಮೇಸ್ತ್ರಿಯ ಮೂಲಕ ಅನುವಾದ ಮಾಡಿಸಿ ನೋಡಿ. ಮೇಸ್ತ್ರಿ ತಾನೇ ಉತ್ತರ ಕೊಟ್ಟುಬಿಡುತ್ತಾನೆ. ಕೆಲಸ ಕೊಟ್ಟವನೇ ದುಭಾಷಿಯಾದರೆ ಕುಡಿತದ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಸಾಧ್ಯವಾದಷ್ಟೂ ಆಶಾ ಕಾರ್ಯಕರ್ತೆಯನ್ನೋ ಅದೇ ಭಾಷೆಯ ನರ್ಸನ್ನೋ ಕೂರಿಸಿಕೊಳ್ಳಿ. ಇದನ್ನು ಕಲಿಸುವ ಕ್ಲಾಸ್‌ರೂಮು ಯಾವ ಊರಲ್ಲೂ ಇಲ್ಲ.

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಹೊತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುತ್ತದೆ. ವಿಭಾಗದವರ ಜೊತೆ ವಿರಾಜಪೇಟೆಗೋ ಸೋಮವಾರಪೇಟೆಗೋ ಹೋಗಿಬರಲು ಮೊದಲೇ ಕೇಳಿಡಿ. ವಾರ್ಡಿನಲ್ಲಿ ಹೆಚ್ಚು ಕಾಣುವುದು ಕುಡಿತ ಬಿಟ್ಟ ಎರಡು ಮೂರನೇ ದಿನದ ನಡುಕ, ಭ್ರಮೆ. ಗ್ಲೂಕೋಸ್ ಡ್ರಿಪ್‌ಗೆ ಮೊದಲು ಥಯಾಮಿನ್, ಲಿವರ್ ಕೆಟ್ಟವರಿಗೆ ಡಯಾಜೆಪಾಮ್ ಬದಲು ಲೊರಾಜೆಪಾಮ್. ಇಷ್ಟನ್ನು ಗಟ್ಟಿ ಮಾಡಿಕೊಂಡವರು ನಾಳೆ ಸರ್ಜರಿ ಸೇರಿದರೂ ಆಪರೇಷನ್ ಆದ ಮೂರನೇ ದಿನ ರಾತ್ರಿ ಡ್ರೈನ್ ಕಿತ್ತುಕೊಂಡು ಓಡುವ ರೋಗಿಯನ್ನು ನೋಡಿ ದಿಗಿಲುಪಡುವುದಿಲ್ಲ.

ರೇಡಿಯಾಲಜಿ

ಕೌನ್ಸೆಲಿಂಗಿನಲ್ಲಿ ಮೊದಲೇ ಖಾಲಿಯಾಗುವ ಸೀಟು, ಹಾಗಾಗಿ ಎಲೆಕ್ಟಿವ್‌ಗೂ ನೂಕುನುಗ್ಗಲು. ಅತಿ ಹೆಚ್ಚು ವ್ಯರ್ಥವಾಗುವ ಎಲೆಕ್ಟಿವೂ ಇದೇ. ಕತ್ತಲೆ ಕೋಣೆ, ರಿಪೋರ್ಟ್ ಮಾಡುವವರ ಬೆನ್ನ ಹಿಂದೆ ಕುರ್ಚಿ, ತಲೆಯಾಡಿಸುತ್ತಾ ಮೊಬೈಲು. ಅಲ್ಟ್ರಾಸೌಂಡ್ ಪ್ರೋಬ್ ಕೈಗೆ ಸಿಗುತ್ತದೆಂಬ ಆಸೆ ಬೇಡ. 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಿಂದಾಗಿ ಗರ್ಭಿಣಿಯರ ಸ್ಕ್ಯಾನನ್ನು ನೋಂದಾಯಿತ ವೈದ್ಯರಲ್ಲದೆ ಬೇರೆಯವರು ಮುಟ್ಟುವಂತಿಲ್ಲ.

ಕೆಲಸಕ್ಕೆ ಬರುವ ದಾರಿ ಇದು: ದಿನಕ್ಕೆ 10 ಎದೆಯ ಎಕ್ಸ್‌ರೇ, ರಿಪೋರ್ಟ್ ನೋಡುವ ಮೊದಲು ಪ್ರತಿಯೊಂದಕ್ಕೂ ಎರಡು ಸಾಲು ನೀವೇ ಬರೆಯಿರಿ, ಆಮೇಲೆ ತಾಳೆ ನೋಡಿ. 13 ದಿನಕ್ಕೆ 130 ಆಗುತ್ತದೆ. ತಪ್ಪಿದ್ದನ್ನು ಬೇರೆ ಪುಟಕ್ಕೆ ಬರೆದಿಡಿ. ಮೊದಲ ವಾರದ ತಪ್ಪುಗಳೆಲ್ಲ ಸಾಮಾನ್ಯವಾಗಿ ಮೂರೇ ಜಾಗದವು: ಹೃದಯದ ಹಿಂದಿನ ನೆರಳು, ಕ್ಲಾವಿಕಲ್ (ಕೊರಳೆಲುಬು) ಮೇಲಿನ ಶ್ವಾಸಕೋಶದ ತುದಿ, ಡಯಾಫ್ರಾಮ್ ಕೆಳಗಿನ ಗಾಳಿ. ಯಂತ್ರಗಳ ಹತ್ತಿರ ಓಡಾಡುವುದಿದ್ದರೆ ಮೈಗೆ ತಗಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಬಗ್ಗೆ ಕೇಳಿ.

ಚರ್ಮರೋಗದಲ್ಲಿ ಒಪಿಡಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಅದೇ ಅದರ ಆಕರ್ಷಣೆ. ಮಳೆಗಾಲದಲ್ಲಿ ಅಂಗಡಿಯ ಸ್ಟೀರಾಯ್ಡ್ ಮುಲಾಮು ಹಚ್ಚಿ ರೂಪ ಕೆಟ್ಟ ಹುಳುಕಡ್ಡಿ ಬೇಕಷ್ಟು ಸಿಗುತ್ತದೆ. ಕಣ್ಣಿನ ವಿಭಾಗಕ್ಕೆ ಹೋದರೆ ಸ್ಲಿಟ್ ಲ್ಯಾಂಪ್ (ಕಣ್ಣನ್ನು ಹಿಗ್ಗಿಸಿ ನೋಡುವ ಉಪಕರಣ) ಒಂದನ್ನೇ ಕಲಿತು ಬನ್ನಿ, ಸಾಕು. ಇಎನ್‌ಟಿಯಲ್ಲಿ ಆಸಕ್ತಿಯಿರುವವರು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಒಂದೆರಡು ದಿನ ಕಿವಿ ಪರೀಕ್ಷೆ ನೋಡಲು ವಿಭಾಗದ ಮೂಲಕ ವಿಚಾರಿಸಬಹುದು.

ಮೊದಲ ಬ್ಲಾಕು: ಲ್ಯಾಬೋ, ಸಂಶೋಧನೆಯೋ

15 ದಿನದಲ್ಲಿ ಹೊಸ ಸಂಶೋಧನೆ ಆಗದು. ಎಥಿಕ್ಸ್ ಕಮಿಟಿಯ ಅನುಮತಿಗೇ ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. 'ಮಡಿಕೇರಿ ತಾಲ್ಲೂಕಿನಲ್ಲಿ ಮಧುಮೇಹದ ಪ್ರಮಾಣ' ಎಂದು ಶೀರ್ಷಿಕೆ ಹೊತ್ತು ಬರುವವರು ಕೊನೆಗೆ ಇಂಟರ್ನೆಟ್ಟಿನಿಂದ ನಕಲು ಮಾಡಿದ ಪ್ರಶ್ನಾವಳಿಯೊಂದಿಗೆ ಬ್ಲಾಕು ಮುಗಿಸುತ್ತಾರೆ. ಈಗಾಗಲೇ ಅನುಮತಿ ಪಡೆದು ನಡೆಯುತ್ತಿರುವ ಕೆಲಸಕ್ಕೆ ಸೇರಿಕೊಳ್ಳಿ, ಒಂದು ಸಣ್ಣ ತುಂಡನ್ನು ಪೂರ್ತಿ ಮಾಡಿ: 200 ಕೇಸ್ ಶೀಟಿನಿಂದ ಎಕ್ಸೆಲ್ ಶೀಟು ತುಂಬುವುದು, ಅದರಲ್ಲಿ ಬಿಟ್ಟುಹೋದ ಮಾಹಿತಿ ಎಷ್ಟೆಂದು ಎಣಿಸುವುದು.

ಲ್ಯಾಬ್ ಆರಿಸುವವರಿಗೆ ಇಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಒಳ್ಳೆಯ ವಿಷಯ. ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಯಿತು; ಬುಡಕಟ್ಟು ಜನರಿರುವ ಜಿಲ್ಲೆಗೆ ಅದು ಹತ್ತಿರದ ಸಂಗತಿ. ಸಾಲ್ಯುಬಿಲಿಟಿ ಪರೀಕ್ಷೆಯಲ್ಲಿ ಟ್ಯೂಬಿನ ಹಿಂದಿನ ಗೆರೆಗಳು ಮಸುಕಾದರೆ ಪಾಸಿಟಿವ್, ಆದರೆ ವಾಹಕರೋ ರೋಗಿಯೋ ಎಂದು ಅದು ಹೇಳುವುದಿಲ್ಲ. ಅದಕ್ಕೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್ ಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಹಾಡಿಯ ಹುಡುಗಿಗೆ 'ನಿನಗೆ ಕಾಯಿಲೆ ಇದೆ' ಎಂದು ಹೇಳಿಬಿಟ್ಟರೆ ಆ ಮಾತು ಮದುವೆಯ ಹೊತ್ತಿಗೆ ಎಲ್ಲಿಗೆ ಮುಟ್ಟುತ್ತದೆಂದು ಯೋಚಿಸಿ.

ಬ್ಲಡ್ ಸೆಂಟರ್ ಇನ್ನೊಂದು ಆಯ್ಕೆ, ಆದರೆ ನಿಯಮದಲ್ಲಿ ಅದಿರುವುದು ಎರಡನೇ, ಕ್ಲಿನಿಕಲ್ ಬ್ಲಾಕಿನಲ್ಲಿ. ಟ್ರಾನ್ಸ್‌ಫ್ಯೂಷನ್ ಮೆಡಿಸಿನ್ ಎಂಬ ಎಂಡಿ ಇದೆಯೆಂದೇ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಲು ಕಲಿಯಿರಿ. ಪ್ಲೇಟ್‌ಲೆಟ್ 5 ದಿನಕ್ಕೇ ಏಕೆ ಹಾಳಾಗುತ್ತದೆ, ಅದನ್ನು ಫ್ರಿಜ್ಜಿನಲ್ಲಿಡದೆ 20-24 ಡಿಗ್ರಿಯಲ್ಲಿ ಅಲುಗಾಡಿಸುತ್ತಲೇ ಏಕೆ ಇಡುತ್ತಾರೆ ನೋಡಿ. ಆಮೇಲೆ ವಾರ್ಡಿನಿಂದ 'ಇರಲಿ ಅಂತ ನಾಲ್ಕು ಯೂನಿಟ್ ಕಳಿಸಿ' ಎಂದು ಫೋನ್ ಮಾಡುವ ಮೊದಲು ಎರಡು ಸಲ ಯೋಚಿಸುತ್ತೀರಿ.

ಇಲ್ಲೇ ಇರುವುದೋ, ಘಟ್ಟ ಇಳಿಯುವುದೋ

ಮೈಸೂರು ಸುಮಾರು 120 ಕಿ.ಮೀ., ಮಂಗಳೂರು 140 ಚಿಲ್ಲರೆ, ಬೆಂಗಳೂರು 260ರ ಆಸುಪಾಸು. ಯಾವುದಕ್ಕೂ ದಿನಾ ಹೋಗಿಬರಲಾಗದು. ಅಲ್ಲಿ ಉಳಿಯುವ ವ್ಯವಸ್ಥೆ ಆಗದೆ ಅರ್ಜಿ ಹಾಕಬೇಡಿ. ಹೊರಗೆ ಹೋಗಲು ನಿಮ್ಮ ಕಾಲೇಜಿನ ನಿರಾಕ್ಷೇಪಣಾ ಪತ್ರ ಮತ್ತು ಆ ಸಂಸ್ಥೆಯ ಒಪ್ಪಿಗೆ ಪತ್ರ ಎರಡೂ ಬೇಕು, ಎರಡೂ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಮಂಗಳೂರಿನ ಕಡೆಗಾದರೆ ಜುಲೈ-ಆಗಸ್ಟ್ ಬಿಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ಬಂದ್ ಆದದ್ದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ದೊಡ್ಡ ಊರಿಗೆ ಹೋಗಬೇಕಾದ್ದು ಇಲ್ಲಿ ಇಲ್ಲದ್ದಕ್ಕೆ ಮಾತ್ರ: ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನ್ಯೂರೋಗೆ ನಿಮ್ಹಾನ್ಸ್. ಅದೂ ಮಡಿಕೇರಿಯಿಂದ ರೆಫರ್ ಆಗಿ ಹೋದ ರೋಗಿಗೆ ಅಲ್ಲಿ ಏನು ಮಾಡುತ್ತಾರೆಂದು ನೋಡುವ ಕುತೂಹಲವಿದ್ದರೆ ಚೆನ್ನ. ಹೊಟ್ಟೆನೋವು, ಜ್ವರ, ಹೆರಿಗೆ, ಮುರಿದ ಕೈ ನೋಡಲು ಮೈಸೂರಿನ ಕೆ.ಆರ್. ಆಸ್ಪತ್ರೆಯ ತನಕ ಹೋಗುವುದು ದಂಡ. ಅಲ್ಲಿ ನಿಮ್ಮ ಮುಂದೆ ಪಿಜಿಗಳು, ಇಂಟರ್ನುಗಳು, ಅಲ್ಲಿಯದೇ ವಿದ್ಯಾರ್ಥಿಗಳು ಇರುತ್ತಾರೆ.

ಅಮೆರಿಕದ ಕಡೆ ಕಣ್ಣಿಟ್ಟವರ ಲೆಕ್ಕ ಪೂರ್ತಿ ಬೇರೆ. ಅಲ್ಲಿ ರೆಸಿಡೆನ್ಸಿಗೆ (ಅಲ್ಲಿಯ ಪಿಜಿ ತರಬೇತಿ) ಶಿಫಾರಸು ಪತ್ರ ತೂಗುತ್ತದೆ, ಪರವಾನಗಿ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1 ಅಂತೂ 2022ರ ಜನವರಿಯಿಂದ ಪಾಸ್-ಫೇಲ್ ಮಾತ್ರ. ರೋಗಿಯನ್ನು ಮುಟ್ಟಿ ನೋಡುವ ಎಲೆಕ್ಟಿವ್ ವಿದ್ಯಾರ್ಥಿಯಾಗಿದ್ದಾಗ ಸಿಗುತ್ತದೆ, ಡಿಗ್ರಿ ಕೈಗೆ ಬಂದ ಮೇಲೆ ಹೆಚ್ಚಿನ ಕಡೆ ಬರಿಯ ನೋಡುಗರಾಗಿ. ಅವರ ಎಲೆಕ್ಟಿವ್ ಸಾಮಾನ್ಯವಾಗಿ 4 ವಾರದ್ದು, ನಮ್ಮ 15 ದಿನದ ಬ್ಲಾಕಿನೊಳಗೆ ಕೂರುವುದಿಲ್ಲ. ಹಾಗಾಗಿ ಅದನ್ನು ರಜೆಗೋ ಬೇರೆ ಅವಧಿಗೋ ಹೊಂದಿಸಬೇಕು, ವೀಸಾ ಸೇರಿ ಒಂದು ವರ್ಷ ಮುಂಚೆ ಶುರು ಮಾಡಬೇಕು. ಕಾಲೇಜಿನ ಮಾನ್ಯತೆಯ ಬಗ್ಗೆ ಚಿಂತೆಯಿದ್ದವರಿಗೆ: ಎನ್‌ಎಂಸಿಗೆ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2023ರಲ್ಲಿ ಹತ್ತು ವರ್ಷಕ್ಕೆ ವೈದ್ಯಕೀಯ ಶಿಕ್ಷಣದ ವಿಶ್ವ ಒಕ್ಕೂಟದ ಮಾನ್ಯತೆ ಸಿಕ್ಕಿದೆ.

ಓದಲು ಸಮಯ ಸಿಗಲೆಂದು ಸುಲಭದ್ದು ಹಿಡಿಯುವವರಿಗೆ

ತಪ್ಪೇನಿಲ್ಲ, ಲೆಕ್ಕ ಹಾಕಿ ಹಿಡಿಯಿರಿ. ಮಧ್ಯಾಹ್ನ 1ಕ್ಕೆ ಬಿಡುವ ವಿಭಾಗದಿಂದ ದಿನಕ್ಕೆ 5 ಗಂಟೆ ಹೆಚ್ಚು ಸಿಕ್ಕರೆ 13 ದಿನಕ್ಕೆ 65 ಗಂಟೆ. ಪೆಥಾಲಜಿಯನ್ನು ಒಂದು ಸುತ್ತು ತಿರುವಿಹಾಕಲು ಸಾಕು, ಪಿಜಿ ಪರೀಕ್ಷೆಯ 19 ವಿಷಯಕ್ಕೆ ಏನೇನೂ ಅಲ್ಲ. ಆ 65 ಗಂಟೆಗೆ ಯಾವ ವಿಷಯ ಎಂದು ಬ್ಲಾಕಿನ ಮೊದಲ ದಿನವೇ ಬರೆದಿಡದಿದ್ದರೆ ಅದು ರಾಜಾಸೀಟ್ ಉದ್ಯಾನದಲ್ಲೇ ಕರಗುತ್ತದೆ.

ಕೇಳುವ ರೀತಿ, ಕಾಗದ ಪತ್ರ

ಎಚ್‌ಒಡಿ ಹತ್ತಿರ 'ಸರ್, ನಿಮ್ಮ ವಿಭಾಗದಲ್ಲಿ ತುಂಬಾ ಆಸಕ್ತಿ ಇದೆ' ಎಂದರೆ ಅವರಿಗೆ ಹೇಳಲು ಏನೂ ಇರುವುದಿಲ್ಲ. 'ಸರ್, ಎರಡನೇ ಬ್ಲಾಕಿಗೆ ನಿಮ್ಮಲ್ಲಿಗೆ ಬರುತ್ತಿದ್ದೇನೆ. ದಿನಾ ಲಿಸ್ಟಿನ ಮೊದಲ ಎರಡು ಕೇಸಿಗೆ ಬ್ಯಾಗ್-ಮಾಸ್ಕ್ ಮಾಡಲು ಬಿಡುತ್ತೀರಾ? ಎಂಟು ಗಂಟೆಗೆ ಬಂದಿರುತ್ತೇನೆ' ಎಂದು ಕೇಳಿ. ಹೌದು ಅಥವಾ ಇಲ್ಲ, ಉತ್ತರ ಅಲ್ಲೇ ಸಿಗುತ್ತದೆ. ಆ ಹದಿನೈದು ದಿನ ನಿಮಗೆ ಕಲಿಸುವವರು ರಜೆಯಲ್ಲಿದ್ದಾರೋ, ಪರೀಕ್ಷಾ ಡ್ಯೂಟಿಗೆ ಬೇರೆ ಊರಿಗೆ ಹೋಗುತ್ತಾರೋ ಅದನ್ನೂ ಆಗಲೇ ಕೇಳಿ. ಒಬ್ಬರೇ ಇರುವ ವಿಭಾಗದಲ್ಲಿ ಅವರಿಲ್ಲದಿದ್ದರೆ ಎಲೆಕ್ಟಿವೂ ಇಲ್ಲ.

ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಮೂರು ಡೋಸು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) 10ಕ್ಕಿಂತ ಮೇಲಿದೆಯೇ ನೋಡಿಸಬೇಕು. ಎಂದರೆ ಓಟಿ ಅಥವಾ ಕ್ಯಾಶುವಾಲ್ಟಿ ಎಲೆಕ್ಟಿವ್‌ಗೆ ಎಂಟು ತಿಂಗಳ ಹಿಂದೆಯೇ ಶುರು ಮಾಡಿರಬೇಕು. ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಿ. ಎಚ್‌ಐವಿ ತಡೆ ಔಷಧ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಅದು ಎಲ್ಲಿ ಸಿಗುತ್ತದೆ, ರಾತ್ರಿ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಮೊದಲ ದಿನವೇ ವಿಚಾರಿಸಿ.

ಲಾಗ್‌ಬುಕ್ಕಿಗೆ ಸಹಿಯನ್ನು ದಿನದಿನವೇ ಹಾಕಿಸಿಕೊಳ್ಳಿ, ತಪ್ಪಿದರೆ ಮೂರು ದಿನಕ್ಕೊಮ್ಮೆ. ಬ್ಲಾಕು ಮುಗಿದ ತಿಂಗಳಿಗೆ ಪುಸ್ತಕ ಹಿಡಿದು ಹೋದಾಗ ಸಹಿ ಹಾಕಬೇಕಾದವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿರುತ್ತದೆ, ಅಲ್ಲಿಗೆ ಬಸ್ಸು ಹತ್ತುವವರು ನೀವು.